ಪಿಎಚ್‌ಪಿಮೇಲರ್ ವಿಮರ್ಶೆ: ವೆಬ್‌ಸೈಟ್‌ನ ವಿಚಾರಣೆ ಮಾಲೀಕರ ಕೈ ಸೇರಬೇಕಾದರೆ

ದಸರಾಗೆ ಇನ್ನೂ ತಿಂಗಳುಗಳಿರುವಾಗಲೇ ಮೈಸೂರಿನ ಹೋಮ್‌ಸ್ಟೇಗಳಿಗೆ ರೂಮು ಕೇಳುವವರು ಶುರುವಾಗುತ್ತಾರೆ. ಗೋಕುಲಂನ ಯೋಗಶಾಲೆಗಳಿಗೆ ಹೊರದೇಶದಿಂದ ವಿಚಾರಣೆ ಬರುತ್ತದೆ, ಮಂಡ್ಯದ ಬೆಲ್ಲದ ವ್ಯಾಪಾರಿಗೆ ಸಗಟು ದರ ಕೇಳಿ ದೂರದೂರಿನವರು ಬರೆಯುತ್ತಾರೆ. ಇವರೆಲ್ಲ ‘ಸಂಪರ್ಕಿಸಿ’ ಎಂಬ ಪುಟದಲ್ಲಿ ಹೆಸರು, ಫೋನು, ನಾಲ್ಕು ಸಾಲು ತುಂಬಿ ಬಟನ್ ಒತ್ತುತ್ತಾರೆ. ‘ಧನ್ಯವಾದ, ಶೀಘ್ರದಲ್ಲೇ ಉತ್ತರಿಸುತ್ತೇವೆ’ ಎಂದು ಪುಟ ಹೇಳುತ್ತದೆ. ಆದರೆ ಮಾಲೀಕರ ಇನ್‌ಬಾಕ್ಸ್‌ಗೆ ಏನೂ ಬಂದಿರುವುದಿಲ್ಲ. ಮಾಲೀಕರಿಗೆ ಯಾರೂ ಕೇಳಲೇ ಇಲ್ಲ ಅನ್ನಿಸುತ್ತದೆ, ಕೇಳಿದವರಿಗೆ ಇವರು ಉತ್ತರ ಕೊಡುವ ಜನ ಅಲ್ಲ ಅನ್ನಿಸುತ್ತದೆ. ನಡುವೆ ಕಳೆದುಹೋದ ಮೇಲ್‌ನ ಸುಳಿವು ಇಬ್ಬರಿಗೂ ಸಿಗುವುದಿಲ್ಲ.

ಫಾರ್ಮ್‌ನಲ್ಲಿ ತುಂಬಿದ್ದನ್ನು ಮೇಲ್ ಮಾಡಿ ಕಳಿಸುವ ಕೆಲಸಕ್ಕೆ, ಪಿಎಚ್‌ಪಿ ಭಾಷೆಯಲ್ಲಿ ಬರೆದ ಸೈಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾಧನ ಪಿಎಚ್‌ಪಿಮೇಲರ್ ಎಂಬ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಕಟ್ಟು. ಹಲವು ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ನಡೆಯುವ ಸಣ್ಣ ಅಂಗಡಿ, ಹೋಮ್‌ಸ್ಟೇ, ಟ್ಯೂಷನ್ ಸೆಂಟರ್‌ಗಳ ಸೈಟ್‌ಗೆ ಅದು ಹೊಂದುತ್ತದೆಯೇ ಎಂಬುದನ್ನು ಇಲ್ಲಿ ನೋಡಲಾಗಿದೆ. ತೀರ್ಪು ಮೊದಲೇ ಹೇಳುವುದಾದರೆ, ಐದಕ್ಕೆ ನಾಲ್ಕೂವರೆ. ಕಳಿಸುವ ಕೆಲಸದಲ್ಲಿ ಅದಕ್ಕೆ ಪೂರ್ಣ ಅಂಕ. ಅರ್ಧ ಅಂಕ ಹೋದದ್ದು ಮೊದಲೇ ಇಟ್ಟುಬಂದ ಎರಡು ಸೆಟ್ಟಿಂಗ್‌ಗಳಿಂದ, ಅವು ಮುಂದೆ ಬರುತ್ತವೆ. ಒಂದು ಮಾತು ಮಾತ್ರ ಆರಂಭದಲ್ಲೇ ತಿಳಿದಿರಲಿ: ಕಳಿಸುವುದು ಬೇರೆ, ತಲುಪಿಸುವುದು ಬೇರೆ. ಮೊದಲನೆಯದು ಈ ಲೈಬ್ರರಿಯ ಹೊಣೆ, ಎರಡನೆಯದರಲ್ಲಿ ಮುಕ್ಕಾಲು ಪಾಲು ಸೈಟ್ ಕಟ್ಟುವವರ ಹೊಣೆ.

ಪಿಎಚ್‌ಪಿಮೇಲರ್ ಹುಟ್ಟಿದ್ದು 2001ರಲ್ಲಿ, ಬ್ರೆಂಟ್ ಮ್ಯಾಟ್ಜೆಲ್ ಅವರ ಕೈಯಲ್ಲಿ. ಹಲವು ವರ್ಷಗಳಿಂದ ಮಾರ್ಕಸ್ ಬಾಯಿಂಟನ್ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಎಲ್‌ಜಿಪಿಎಲ್ 2.1 ಲೈಸೆನ್ಸ್ ಇರುವುದರಿಂದ ವ್ಯಾಪಾರದ ಸೈಟ್‌ಗೂ ಕಾಸು ಕೊಡಬೇಕಿಲ್ಲ. ವರ್ಡ್‌ಪ್ರೆಸ್ ತನ್ನ ಮೇಲ್ ಕಳಿಸುವುದೂ ಇದರ ಮೂಲಕವೇ. ಆದ್ದರಿಂದ ವರ್ಡ್‌ಪ್ರೆಸ್ ಸೈಟ್ ಇದ್ದವರು ಇದನ್ನು ಬೇರೆಯಾಗಿ ಹಾಕಿಕೊಳ್ಳುವ ಅಗತ್ಯವಿಲ್ಲ. ಎಸ್‌ಎಂಟಿಪಿ (ಮೇಲ್ ಕಳಿಸಲು ಸರ್ವರ್ ಜೊತೆ ಮಾತಾಡುವ ಪದ್ಧತಿ) ಪ್ಲಗಿನ್ ಒಂದು ಸಾಕು, ಉಳಿದ ಎಚ್ಚರಿಕೆಗಳೆಲ್ಲ ಅವರಿಗೂ ಅನ್ವಯಿಸುತ್ತವೆ.

ಪಿಎಚ್‌ಪಿಯಲ್ಲೇ ಇರುವ ಮೇಲ್ ಫಂಕ್ಷನ್ ಸಾಲದೇ ಎಂಬ ಪ್ರಶ್ನೆ ಸಹಜ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ, ಕಲಿಸಿಕೊಡುವ ವಿಡಿಯೋಗಳೂ ಬೇಕಾದಷ್ಟಿವೆ. ಆದರೆ ಆ ಫಂಕ್ಷನ್ ‘ಟ್ರೂ’ ಎಂದು ಹೇಳಿದರೆ ಅದರ ಅರ್ಥ ಇಷ್ಟೇ: ಅದೇ ಸರ್ವರ್‌ನ ಮೇಲ್ ಪ್ರೋಗ್ರಾಂ ಕಾಗದವನ್ನು ಕೈಗೆ ತೆಗೆದುಕೊಂಡಿತು. ಅಲ್ಲಿಂದ ಹೊರಟಿತೋ, ಆಚೆಯವರು ಬಾಗಿಲು ಹಾಕಿಕೊಂಡರೋ ಗೊತ್ತಾಗುವುದಿಲ್ಲ. ಲಾಗಿನ್ ಇಲ್ಲ, ಯಾಕೆ ವಿಫಲವಾಯಿತು ಎಂಬ ಕಾರಣವೂ ಸಿಗುವುದಿಲ್ಲ. ಪಿಎಚ್‌ಪಿಮೇಲರ್ ಹಾಗಲ್ಲ. ಅದು ನೇರವಾಗಿ ಎಸ್‌ಎಂಟಿಪಿ ಸರ್ವರ್ ಜೊತೆ ಮಾತಾಡಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು, ಆಚೆಯಿಂದ ಬಂದ ಉತ್ತರವನ್ನು ಇದ್ದದ್ದು ಇದ್ದಂತೆ ತೋರಿಸುತ್ತದೆ. 535 ಬಂದರೆ ಪಾಸ್‌ವರ್ಡ್ ತಪ್ಪು, 550 ಬಂದರೆ ಆಚೆಯವರು ನಿರಾಕರಿಸಿದ್ದಾರೆ. ಈ ಒಂದು ಗುಣಕ್ಕಾಗಿಯೇ ಅದನ್ನು ಬಳಸಬೇಕು.

ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಪಿಎಚ್‌ಪಿ ಪ್ಯಾಕೇಜ್‌ಗಳನ್ನು ತಂದು ಹಾಕುವ ಕಂಪೋಸರ್ ಇದ್ದರೆ ಒಂದೇ ಆಜ್ಞೆ. ಕಂಪೋಸರ್ ಇಲ್ಲದ ಹೋಸ್ಟಿಂಗ್‌ನಲ್ಲಿ ಪ್ಯಾಕೇಜ್‌ನ ಎಸ್‌ಆರ್‌ಸಿ ಫೋಲ್ಡರ್‌ನಿಂದ ಮೂರು ಫೈಲ್ ಸಾಕು: ಎಕ್ಸೆಪ್ಷನ್, ಪಿಎಚ್‌ಪಿಮೇಲರ್, ಎಸ್‌ಎಂಟಿಪಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಸರಿಯಾಗಿ ನಡೆದದ್ದು ಸರ್ವರ್‌ಗೆ ಏರಿಸಿದ ಮೇಲೆ ‘ಫೈಲ್ ಸಿಗಲಿಲ್ಲ’ ಎಂದರೆ ಮೊದಲು ಅಕ್ಷರಗಳನ್ನು ನೋಡಿ. ಲಿನಕ್ಸ್‌ಗೆ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಹೋಸ್ಟ್ (ಮೇಲ್ ಸರ್ವರ್‌ನ ಹೆಸರು), ಪೋರ್ಟ್ (ಅದರ ಬಾಗಿಲ ಸಂಖ್ಯೆ), ಪಾಸ್‌ವರ್ಡ್ ಎಲ್ಲ ತುಂಬಿ, ‘ಈಸ್‌ಎಸ್‌ಎಂಟಿಪಿ’ ಎಂಬ ಮೆಥಡ್ ಕರೆಯುವುದನ್ನು ಮರೆತರೆ ಲೈಬ್ರರಿ ತಕರಾರಿಲ್ಲದೆ ಹಳೆಯ ಮೇಲ್ ಫಂಕ್ಷನ್ನಿಂದಲೇ ಕಳಿಸುತ್ತದೆ. ಪಾಸ್‌ವರ್ಡ್ ತಪ್ಪಿದ್ದರೂ ‘ಹೋಯಿತು’ ಎಂದು ಬಂದರೆ ಅನುಮಾನ ಪಡಬೇಕಾದದ್ದು ಇಲ್ಲೇ.

ಪೋರ್ಟ್ ವಿಚಾರದಲ್ಲಿ ಗೊಂದಲ ಬೇಡ. 587 ಆದರೆ ಸ್ಟಾರ್ಟ್‌ಟಿಎಲ್‌ಎಸ್, ಅಂದರೆ ಸಂಪರ್ಕವಾದ ಮೇಲೆ ಟಿಎಲ್‌ಎಸ್ ಗೂಢಲಿಪಿಗೆ ಬದಲಾಗುವುದು, 465 ಆದರೆ ಮೊದಲ ಕ್ಷಣದಿಂದಲೇ ಟಿಎಲ್‌ಎಸ್. ಇವೆರಡನ್ನು ಅದಲುಬದಲು ಮಾಡಿದರೆ ಸಂಪರ್ಕ ನಿಂತುಬಿಡುತ್ತದೆ. 25 ಸರ್ವರ್‌ನಿಂದ ಸರ್ವರ್‌ಗೆ ಹೋಗುವ ದಾರಿ, ಫಾರ್ಮ್‌ಗೆ ಅದು ಬೇಡ. ಸ್ಪ್ಯಾಮ್ ತಡೆಯಲು ಎಷ್ಟೋ ಕ್ಲೌಡ್ ಕಂಪನಿಗಳು ಅದನ್ನು ಮುಚ್ಚಿಯೇ ಇಟ್ಟಿರುತ್ತವೆ.

ಇನ್ನು ಅರ್ಧ ಅಂಕ ಕಳೆದ ಮೊದಲ ಕಾರಣ. ಪಿಎಚ್‌ಪಿಮೇಲರ್‌ನ ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಗಳನ್ನು ಗುರುತಿಸುವ ಪಟ್ಟಿ, ಮೊದಲೇ ಪಶ್ಚಿಮ ಯುರೋಪಿನ ಭಾಷೆಗಳ ಐಎಸ್‌ಒ 8859-1 ಆಗಿರುತ್ತದೆ, ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಅಲ್ಲ. ಇಂಗ್ಲಿಷ್‌ನಲ್ಲಿ ಬರೆದು ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಶ್ರೀರಂಗಪಟ್ಟಣದ ಗ್ರಾಹಕರು ‘ಐದು ಕೆಜಿ ಅಚ್ಚು ಬೆಲ್ಲ ಬೇಕು, ಕೊರಿಯರ್ ಮಾಡ್ತೀರಾ?’ ಎಂದು ಕನ್ನಡದಲ್ಲೇ ಬರೆದ ದಿನ ಮಾಲೀಕರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೋಗಶಾಲೆಗೆ ಬರೆಯುವ ಸ್ಪೇನ್, ಬ್ರೆಜಿಲ್ ಕಡೆಯವರ ಹೆಸರಿನ ಮೇಲಿನ ಗುರುತುಗಳೂ ಹೀಗೇ ಕೆಡುತ್ತವೆ. ಮದ್ದು ಎರಡೇ ಸಾಲು: ಕ್ಯಾರ್‌ಸೆಟ್ ಅನ್ನು ಯುಟಿಎಫ್-8 ಮಾಡಿ, ಮೇಲ್‌ನಲ್ಲಿ ಸಾಗಿಸುವ ರೂಪವಾದ ಎನ್‌ಕೋಡಿಂಗ್ ಅನ್ನು ಬೇಸ್64 ಮಾಡಿ. ವಿಷಯದ ಸಾಲನ್ನು ಲೈಬ್ರರಿ ತಾನೇ ಸರಿಯಾಗಿ ಎನ್‌ಕೋಡ್ ಮಾಡುತ್ತದೆ, ಮೇಲ್ ಫಂಕ್ಷನ್ ಆದರೆ ಅದನ್ನೂ ಕೈಯಾರೆ ಮಾಡಬೇಕಿತ್ತು. ಉದ್ದದ ಸಂದೇಶವನ್ನು ಕತ್ತರಿಸುವ ಕೋಡ್ ಇದ್ದರೆ ಸಾದಾ ಸಬ್‌ಸ್ಟ್ರಿಂಗ್ ಬಳಸಬೇಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ನಡುವೆ ಕತ್ತರಿಸಿದರೆ ಕೊನೆಯ ಅಕ್ಷರ ಒಡೆಯುತ್ತದೆ. ‘ಎಂಬಿ’ ಎಂದು ಶುರುವಾಗುವ ಫಂಕ್ಷನ್‌ಗಳು ಇರುವುದು ಇದಕ್ಕೇ.

ಎಲ್ಲಕ್ಕಿಂತ ಹೆಚ್ಚು ಮೇಲ್ ಕಳೆಯುವುದು ‘ಫ್ರಮ್’ ಸಾಲಿನಿಂದ. ವಿಚಾರಣೆ ಬರೆದವರ ವಿಳಾಸವನ್ನೇ ಫ್ರಮ್‌ನಲ್ಲಿ ಹಾಕುವುದು ತರ್ಕಕ್ಕೆ ಸರಿಯೆನ್ನಿಸುತ್ತದೆ, ಅವರೇ ತಾನೆ ಬರೆದದ್ದು. ಆದರೆ ಮೇಲ್ ಹೊರಟದ್ದು ಅಂಗಡಿಯ ಸರ್ವರ್‌ನಿಂದ. ಯಾಹೂ ವಿಳಾಸವಿರುವ ಪ್ರವಾಸಿ ಫಾರ್ಮ್ ತುಂಬಿದರೆ, ಮೈಸೂರಿನ ಯಾವುದೋ ಹೋಮ್‌ಸ್ಟೇ ಸರ್ವರ್ ‘ನಾನು ಯಾಹೂ’ ಎಂದು ಹೇಳಿಕೊಂಡಂತಾಗುತ್ತದೆ. ತನ್ನ ಹೆಸರಿನಲ್ಲಿ ಬೇರೆಯವರು ಕಳಿಸಿದ ಮೇಲ್ ತಿರಸ್ಕರಿಸಿ ಎಂದು ಯಾಹೂ 2014ರಿಂದಲೇ ಡಿಮಾರ್ಕ್ ಎಂಬ ಡೊಮೇನ್ ನಿಯಮದ ಮೂಲಕ ಜಗತ್ತಿಗೆ ಹೇಳಿಟ್ಟಿದೆ. ಸ್ವೀಕರಿಸುವ ಸರ್ವರ್ ಆ ಮಾತಿನಂತೆ ನಡೆಯುತ್ತದೆ. ಹಾಗಾಗಿ ಕೆಲವರ ಮೇಲ್ ಬಂದು ಕೆಲವರದು ಬರದೇ ಇರುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ, ಹುಡುಕಲು ಹೊರಟವರ ತಲೆ ಕೆಡುತ್ತದೆ.

ಸರಿಯಾದ ಜೋಡಣೆ ಇದು. ಫ್ರಮ್‌ನಲ್ಲಿ ಸೈಟ್‌ನದೇ ಡೊಮೇನ್‌ನ ವಿಳಾಸ, ಉದಾಹರಣೆಗೆ ವಿಚಾರಣೆಗೆಂದೇ ತೆರೆದ ಒಂದು ಮೇಲ್‌ಬಾಕ್ಸ್. ಬರೆದವರ ವಿಳಾಸ ‘ರಿಪ್ಲೈ-ಟು’ದಲ್ಲಿ. ಮಾಲೀಕರು ರಿಪ್ಲೈ ಒತ್ತಿದರೆ ಉತ್ತರ ಗ್ರಾಹಕರಿಗೇ ಹೋಗುತ್ತದೆ, ಯಾರೂ ಯಾರ ವೇಷವನ್ನೂ ಹಾಕಿದಂತಾಗುವುದಿಲ್ಲ. ನಮ್ಮ ಕಡೆಗೆ ಬೇಕಾದ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮಳವಳ್ಳಿ, ಪಾಂಡವಪುರದ ಎಷ್ಟೋ ಗ್ರಾಹಕರು ಫೋನ್ ನಂಬರ್ ಕೊಡುತ್ತಾರೆ, ಇಮೇಲ್ ಜಾಗ ಖಾಲಿ ಬಿಡುತ್ತಾರೆ. ಎಕ್ಸೆಪ್ಷನ್ (ಕೋಡನ್ನು ಅಲ್ಲೇ ನಿಲ್ಲಿಸುವ ದೋಷ ಸೂಚನೆ) ಆನ್ ಮಾಡಿದ್ದರೆ, ಖಾಲಿ ವಿಳಾಸವನ್ನು ರಿಪ್ಲೈ-ಟುಗೆ ಕೊಟ್ಟಾಗ ಪಿಎಚ್‌ಪಿಮೇಲರ್ ಅದನ್ನು ಎಸೆಯುತ್ತದೆ, ಇಡೀ ಮೇಲ್ ಅಲ್ಲೇ ನಿಲ್ಲುತ್ತದೆ. ವಿಳಾಸ ಇದ್ದು, ಸರಿಯಿದ್ದರೆ ಮಾತ್ರ ಆ ಸಾಲು ನಡೆಯಲಿ. ಇಮೇಲ್ ಕಡ್ಡಾಯ ಮಾಡುವುದಕ್ಕಿಂತ ‘ಫೋನ್ ಅಥವಾ ಇಮೇಲ್, ಎರಡರಲ್ಲಿ ಒಂದು’ ಎಂಬ ನಿಯಮ ಇಲ್ಲಿಯ ವ್ಯಾಪಾರಕ್ಕೆ ಒಳ್ಳೆಯದು.

ವಿಷಯದ ಸಾಲಿಗೆ ಬರೆದವರ ಹೆಸರು, ದಿನಾಂಕ ಸೇರಿಸಿ. ಪ್ರತಿ ಮೇಲ್‌ಗೂ ‘ಹೊಸ ವಿಚಾರಣೆ’ ಎಂದಷ್ಟೇ ಇದ್ದರೆ ಜಿಮೇಲ್ ಎಲ್ಲವನ್ನೂ ಒಂದೇ ಸಂಭಾಷಣೆಯಾಗಿ ಕಟ್ಟಿಡಬಹುದು. ದಸರಾ ವಾರದಲ್ಲಿ ಹತ್ತು ಜನ ಕೇಳಿದ್ದು ಆಗ ಒಂದೇ ಸಾಲಾಗಿ ಕಾಣುತ್ತದೆ.

ಯಾವ ಖಾತೆಯಿಂದ ಕಳಿಸಬೇಕು? ಹೋಸ್ಟಿಂಗ್ ಜೊತೆ ಬಂದ ಡೊಮೇನ್ ಮೇಲ್‌ಬಾಕ್ಸ್ ಇದ್ದರೆ ಅದೇ ಮೊದಲ ಆಯ್ಕೆ. ಜಿಮೇಲ್ ಮಾತ್ರ ಇದ್ದವರಿಗೂ ದಾರಿಯಿದೆ, ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಆ ಅನುಕೂಲವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಂಡು ಅದನ್ನು ಕೋಡ್‌ಗೆ ಕೊಡಬೇಕು. ಯಾವತ್ತಾದರೂ ಮಾಲೀಕರು ತಮ್ಮ ಗೂಗಲ್ ಪಾಸ್‌ವರ್ಡ್ ಬದಲಿಸಿದರೆ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ವರ್ಷಗಟ್ಟಲೆ ನಡೆದ ಫಾರ್ಮ್ ಒಂದು ದಿನ ಇದ್ದಕ್ಕಿದ್ದಂತೆ 535 ಹೇಳಲು ಸಾಮಾನ್ಯ ಕಾರಣ ಇದೇ. ಮಾಮೂಲಿ ಜಿಮೇಲ್‌ಗೆ ದಿನಕ್ಕೆ 500 ಎಂಬ ಮಿತಿಯೂ ಇದೆ. ಸಣ್ಣ ಅಂಗಡಿಗೆ ಅದು ಧಾರಾಳವಾಯಿತು, ಬಾಟ್‌ಗಳು (ತಾವೇ ಫಾರ್ಮ್ ತುಂಬುವ ಪ್ರೋಗ್ರಾಂಗಳು) ಫಾರ್ಮ್‌ಗೆ ನುಗ್ಗಿದ ದಿನ ಮಾತ್ರ ಮಧ್ಯಾಹ್ನದೊಳಗೆ ಮುಗಿಯಬಹುದು. ಪಾಸ್‌ವರ್ಡ್ ಯಾವುದೇ ಇರಲಿ, ಅದನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ನ ಹೊರಗಿನ ಫೈಲ್‌ನಲ್ಲಿ ಇಡಿ, ಕೋಡ್‌ನ ಇತಿಹಾಸ ಇಡುವ ಗಿಟ್‌ಗೆ ಸೇರಿಸಬೇಡಿ.

ಡಿಎನ್‌ಎಸ್, ಅಂದರೆ ಡೊಮೇನ್‌ನ ದಾಖಲೆಗಳ ಕೆಲಸ ಒಮ್ಮೆ ಮಾಡಿದರೆ ಮುಗಿಯಿತು, ಆದರೆ ಮಾಡದೆ ಬಿಡುವಂತಿಲ್ಲ. ಜಿಮೇಲ್‌ಗೆ ಯಾರೇ ಕಳಿಸಿದರೂ ಎಸ್‌ಪಿಎಫ್ (ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಕಳಿಸಬಹುದು ಎಂಬ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಇರಲೇಬೇಕು ಎಂಬ ನಿಯಮ 2024ರ ಫೆಬ್ರವರಿಯಿಂದ ಜಾರಿಯಲ್ಲಿದೆ. ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಡಿಮಾರ್ಕ್ ಸಹಿತ ಮೂರೂ ಬೇಕು. ಸಣ್ಣವರೂ ಮೂರನ್ನೂ ಹಾಕಿಕೊಳ್ಳುವುದು ಕ್ಷೇಮ. ಹೋಸ್ಟಿಂಗ್‌ನ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ನಲ್ಲಿ ‘ಇಮೇಲ್ ಡೆಲಿವರಬಿಲಿಟಿ’ ಪುಟ ತೆರೆದರೆ ಏನು ಕೊರತೆ ಎಂದು ಅದೇ ತೋರಿಸುತ್ತದೆ. ಎಸ್‌ಪಿಎಫ್ ದಾಖಲೆ ಒಂದು ಡೊಮೇನ್‌ಗೆ ಒಂದೇ ಇರಬೇಕು. ಹೋಸ್ಟಿಂಗ್‌ನವರದೊಂದು, ಗೂಗಲ್‌ನದೊಂದು ಎಂದು ಎರಡು ಹಾಕಿದರೆ ಎರಡೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಒಂದೇ ಸಾಲಿನಲ್ಲಿ ಎರಡನ್ನೂ ಸೇರಿಸಿ, ಒಳಗೆ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಆಗದಂತೆ ನೋಡಿಕೊಳ್ಳಿ.

ಹುಡುಕಲು ತುಂಬ ಕಷ್ಟವಾಗುವ ಒಂದು ದೋಷ ಇನ್ನೊಂದು ಕಡೆ ಅಡಗಿರುತ್ತದೆ. ಸೈಟ್ ಒಂದು ಹೋಸ್ಟಿಂಗ್‌ನಲ್ಲಿ, ಡೊಮೇನ್‌ನ ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಇದೆ ಅಂದುಕೊಳ್ಳಿ. ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ನಲ್ಲಿ ‘ಲೋಕಲ್’ ಎಂದೇ ಉಳಿದಿದ್ದರೆ, ಆ ಸರ್ವರ್‌ನಿಂದ ಸ್ವಂತ ಡೊಮೇನ್‌ಗೆ ಹೊರಟ ಮೇಲ್ ಗೂಗಲ್ ಕಡೆಗೆ ಹೋಗುವುದೇ ಇಲ್ಲ. ಸರ್ವರ್‌ನೊಳಗಿನ, ಯಾರೂ ತೆರೆದು ನೋಡದ ಮೇಲ್‌ಬಾಕ್ಸ್‌ನಲ್ಲಿ ಹೋಗಿ ಕೂರುತ್ತದೆ. ಬೇರೆ ಎಲ್ಲ ವಿಳಾಸಕ್ಕೂ ಹೋಗುತ್ತದೆ, ಮಾಲೀಕರಿಗೆ ಮಾತ್ರ ಬರುವುದಿಲ್ಲ. ಆ ಸೆಟ್ಟಿಂಗ್ ಅನ್ನು ‘ರಿಮೋಟ್’ ಮಾಡಿದರೆ ಸರಿಹೋಗುತ್ತದೆ.

ಅರ್ಧ ಅಂಕದ ಎರಡನೇ ಕಾರಣ ಕಾಯುವ ಹೊತ್ತು. ಎಸ್‌ಎಂಟಿಪಿ ಸರ್ವರ್ ಉತ್ತರಿಸದಿದ್ದರೆ ಪಿಎಚ್‌ಪಿಮೇಲರ್ ಮೊದಲೇ ಇಟ್ಟಂತೆ 300 ಸೆಕೆಂಡ್ ಕಾಯುತ್ತದೆ, ಅಂದರೆ ಐದು ನಿಮಿಷ. ಅಷ್ಟರೊಳಗೆ ಎನ್‌ಜಿನ್‌ಎಕ್ಸ್‌ನಂಥ ವೆಬ್ ಸರ್ವರ್ 60 ಸೆಕೆಂಡಿಗೇ ಕೈಬಿಟ್ಟು 504, ಅಂದರೆ ಉತ್ತರ ತಡವಾಯಿತೆಂಬ ದೋಷ, ತೋರಿಸಿರುತ್ತದೆ. ಗ್ರಾಹಕರು ಮತ್ತೆ ಬಟನ್ ಒತ್ತುತ್ತಾರೆ, ಇಲ್ಲವೇ ಪಕ್ಕದ ಹೋಮ್‌ಸ್ಟೇಗೆ ಹೋಗುತ್ತಾರೆ. ಟೈಮ್‌ಔಟ್ ಅನ್ನು 10ರಿಂದ 15 ಸೆಕೆಂಡಿಗೆ ಇಳಿಸಿ.

ಅದಕ್ಕಿಂತ ದೊಡ್ಡ ಪರಿಹಾರ, ಮೇಲ್ ಅನ್ನೇ ನಂಬಿ ಕೂರದಿರುವುದು. ಫಾರ್ಮ್ ಬಂದ ಕೂಡಲೇ ಮೊದಲು ಡೇಟಾಬೇಸ್‌ನಲ್ಲಿ ಬರೆದಿಡಿ, ಆಮೇಲೆ ಮೇಲ್ ಕಳಿಸಿ. ಟೇಬಲ್‌ನಲ್ಲಿ ಹೆಸರು, ಫೋನು, ಇಮೇಲ್, ಸಂದೇಶ, ಸಮಯ, ಜೊತೆಗೆ ‘ಕಳಿಸಿದೆಯೇ’ ಎಂಬ ಒಂದು ಕಾಲಂ. ವಿಫಲವಾದವನ್ನು, ನಿಗದಿತ ಹೊತ್ತಿಗೆ ತಾನೇ ನಡೆಯುವ ಕ್ರಾನ್ ಕೆಲಸ ಹತ್ತು ನಿಮಿಷಕ್ಕೊಮ್ಮೆ ಮತ್ತೆ ಕಳಿಸಲಿ. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಇರಲಿ. ಹಳೆಯ ಮೂರು ಬೈಟ್‌ನ ಯುಟಿಎಫ್8ಕ್ಕೆ ಕನ್ನಡ ಹಿಡಿಸುತ್ತದೆ, ಆದರೆ ಸಂದೇಶದ ಕೊನೆಗೆ ಗ್ರಾಹಕರು ಹಾಕುವ ಕೈಮುಗಿದ ಇಮೋಜಿ ಹಿಡಿಸುವುದಿಲ್ಲ, ಆ ಒಂದು ಚಿತ್ರಕ್ಕೆ ಇಡೀ ದಾಖಲೆ ಹೋಗಬಹುದು. ಸಮಯ ದಾಖಲಿಸುವಾಗ ಏಷ್ಯಾ/ಕೋಲ್ಕತಾ ಎಂದು ಹೇಳದಿದ್ದರೆ ಸರ್ವರ್‌ನ ಯುಟಿಸಿಯಲ್ಲಿ ಐದೂವರೆ ಗಂಟೆ ಹಿಂದಿನ ಹೊತ್ತು ಬೀಳುತ್ತದೆ. ಹೀಗೆ ಜನರ ಹೆಸರು, ನಂಬರ್ ಇಟ್ಟುಕೊಳ್ಳುವಾಗ ಯಾಕೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಫಾರ್ಮ್ ಕೆಳಗೆ ಒಂದು ಸಾಲು ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ತಿಳಿಸಿ, ಒಪ್ಪಿಗೆ ಪಡೆಯುವುದು. ಕೆಲಸ ಮುಗಿದ ಹಳೆಯ ವಿಚಾರಣೆಗಳನ್ನು ಅಳಿಸಿಬಿಡಿ.

ಸುರಕ್ಷತೆಯಲ್ಲಿ ಈ ಲೈಬ್ರರಿಗೆ ಒಂದು ಗಾಯದ ಗುರುತಿದೆ, ವಿಮರ್ಶೆಯಲ್ಲಿ ಅದನ್ನು ಮುಚ್ಚಿಡಬಾರದು. 2016ರ ಡಿಸೆಂಬರ್‌ನಲ್ಲಿ ಕಳಿಸುವವರ ವಿಳಾಸದ ಮೂಲಕ ಸರ್ವರ್‌ನಲ್ಲಿ ಬೇಕಾದ ಕೋಡ್ ಓಡಿಸಬಹುದಾದ ದೋಷ ಪತ್ತೆಯಾಯಿತು. 5.2.18ರಲ್ಲಿ ಸರಿಪಡಿಸಿದರು, ಅದೂ ಸಾಲದೆ ಕೆಲವೇ ದಿನದಲ್ಲಿ 5.2.20 ಬಂತು. ದೋಷಕ್ಕೆ ದಾರಿಯಾದದ್ದು ಮೇಲ್ ಫಂಕ್ಷನ್ ಮೂಲಕ ಕಳಿಸುವ ವಿಧಾನ ಮತ್ತು ಬಳಕೆದಾರರ ವಿಳಾಸವನ್ನು ಕಳಿಸುವವರ ಜಾಗಕ್ಕೆ ಹಾಕುವ ಅಭ್ಯಾಸ. ಮೇಲೆ ಹೇಳಿದ ಫ್ರಮ್ ನಿಯಮ ಇಲ್ಲಿಯೂ ಕಾಯುತ್ತದೆ. ಹಳೆಯ ಸೈಟ್‌ಗಳಲ್ಲಿ 5.2ರ ಪ್ರತಿ ಇನ್ನೂ ಇದ್ದರೆ ಅದನ್ನು ತೆಗೆದು ಹೊಸದನ್ನು ಹಾಕುವುದು ಇವತ್ತಿನ ಕೆಲಸ. ಹೆಸರಿನ ಜಾಗದಲ್ಲಿ ಹೊಸ ಸಾಲು ತುರುಕಿ ಗುಪ್ತ ಪ್ರತಿಗಳನ್ನು ಸಾವಿರಾರು ಜನಕ್ಕೆ ಕಳಿಸುವ ಹಳೆಯ ಉಪಾಯವನ್ನು ಈಗಿನ ಆವೃತ್ತಿಗಳು ತಡೆಯುತ್ತವೆ. ಮೇಲ್ ಅನ್ನು ಎಚ್‌ಟಿಎಂಎಲ್ ರೂಪದಲ್ಲಿ ಕಳಿಸುವುದಾದರೆ ಸಂದೇಶವನ್ನು ಎಸ್ಕೇಪ್ ಮಾಡುವುದು, ಅಂದರೆ ಅದರೊಳಗಿನ ಕೋಡ್ ಚಿಹ್ನೆಗಳನ್ನು ಸಾದಾ ಅಕ್ಷರವಾಗಿಸುವುದು, ಮಾತ್ರ ನಿಮ್ಮ ಕೆಲಸ. ವಿಚಾರಣೆಗೆ ಸಾದಾ ಪಠ್ಯವೇ ಸಾಕು, ಫೋನಿನಲ್ಲಿ ಓದಲೂ ಅದೇ ಸಲೀಸು.

ಬಾಟ್‌ಗಳನ್ನು ಪಿಎಚ್‌ಪಿಮೇಲರ್ ತಡೆಯುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಮನುಷ್ಯರಿಗೆ ಕಾಣದ ಒಂದು ಖಾಲಿ ಜಾಗ ಇಟ್ಟು, ಅದು ತುಂಬಿ ಬಂದರೆ ಬಿಸಾಡುವುದು, ಪುಟ ತೆರೆದ ಎರಡು ಮೂರು ಸೆಕೆಂಡಿನಲ್ಲೇ ಬಂದದ್ದನ್ನು ತಿರಸ್ಕರಿಸುವುದು, ಸೆಷನ್ ಟೋಕನ್ (ಫಾರ್ಮ್ ಇದೇ ಪುಟದಿಂದ ಬಂತೆಂಬ ಗುರುತು), ಒಂದು ಐಪಿಯಿಂದ ಗಂಟೆಗೆ ಇಂತಿಷ್ಟೇ ಎಂಬ ಮಿತಿ. ಸಣ್ಣ ಸೈಟ್‌ಗೆ ಇಷ್ಟು ಹಾಕಿದರೆ ಬಹುಪಾಲು ಕಸ ಆಚೆಯೇ ನಿಲ್ಲುತ್ತದೆ. ‘ನಿಮ್ಮ ಸಂದೇಶ ತಲುಪಿದೆ’ ಎಂಬ ಸ್ವಯಂಚಾಲಿತ ಮೇಲ್ ಹಾಕುವ ಆಸೆಯಿದ್ದರೆ ಅದರಲ್ಲಿ ಅವರು ಬರೆದ ಪಠ್ಯವನ್ನು ಮರಳಿಸಬೇಡಿ. ಬಾಟ್‌ಗಳು ಅಪರಿಚಿತರ ವಿಳಾಸ ಕೊಟ್ಟು, ಜಾಹೀರಾತನ್ನು ಸಂದೇಶವಾಗಿ ತುಂಬಿ, ನಿಮ್ಮ ಡೊಮೇನ್‌ನಿಂದಲೇ ಸ್ಪ್ಯಾಮ್ ಹೊರಡಿಸುತ್ತವೆ. ಕೆಟ್ಟ ಹೆಸರು ನಿಮ್ಮ ಡೊಮೇನ್‌ಗೆ ಬರುತ್ತದೆ.

ರೇಷ್ಮೆ ಸೀರೆಯ ಫೋಟೊ, ಲಗ್ನಪತ್ರಿಕೆಯ ಮಾದರಿ ಕಳಿಸಲು ಫೈಲ್ ಜೋಡಿಸುವ ಸೌಲಭ್ಯ ಬೇಕಾದವರಿಗೆ: ಪಿಎಚ್‌ಪಿಯ ಮೂಲ ಮಿತಿ ಒಂದು ಫೈಲ್‌ಗೆ 2 ಎಂಬಿ, ಇಡೀ ಫಾರ್ಮ್‌ಗೆ 8 ಎಂಬಿ. ಈಗಿನ ಫೋನಿನ ಒಂದು ಫೋಟೊವೇ 2 ಎಂಬಿ ದಾಟುತ್ತದೆ. 8 ದಾಟಿದರೆ ಪಿಎಚ್‌ಪಿ ಫೈಲ್ ಜೊತೆಗೆ ಹೆಸರು, ಫೋನನ್ನೂ ಎಸೆದುಬಿಡುತ್ತದೆ. ಆಗ ಎಲ್ಲ ತುಂಬಿದ ಗ್ರಾಹಕರಿಗೆ ‘ಹೆಸರು ಬರೆಯಿರಿ’ ಎಂಬ ಕೆಂಪು ಸಾಲು ಕಾಣುತ್ತದೆ. ಬೇಸ್64 ಆದ ಮೇಲೆ ಫೈಲ್ ಮೂರನೇ ಒಂದು ಭಾಗ ದಪ್ಪವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಪ್ಪು ಹುಡುಕುವಾಗ ಎಸ್‌ಎಂಟಿಪಿಡೀಬಗ್ ಅನ್ನು 2ಕ್ಕೆ ಇಟ್ಟರೆ ಎರಡೂ ಕಡೆಯ ಮಾತುಕತೆ ಪೂರ್ತಿ ಕಾಣುತ್ತದೆ. ಸೈಟ್ ಜನಕ್ಕೆ ತೆರೆಯುವ ಮೊದಲು ಅದನ್ನು 0 ಮಾಡಿ, ಸರ್ವರ್ ವಿವರ ಗ್ರಾಹಕರ ಪರದೆಯ ಮೇಲೆ ಬರಬಾರದು. ಸರ್ವರ್‌ನ ಗುರುತು ಸಾಬೀತುಮಾಡುವ ಸರ್ಟಿಫಿಕೇಟ್‌ನ ತಕರಾರು ಬಂದಾಗ ‘ವೆರಿಫೈ ಪಿಯರ್ ಫಾಲ್ಸ್’ ಎಂದು ಹಾಕಿ ಆ ಪರಿಶೀಲನೆಯನ್ನೇ ನಿಲ್ಲಿಸುವ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬೇಡಿ. ಬಾಗಿಲ ಚಿಲಕ ಕೈಗೆ ಸಿಕ್ಕಿಕೊಂಡಿತೆಂದು ಬಾಗಿಲನ್ನೇ ಕಿತ್ತಂತೆ ಅದು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸರ್ಟಿಫಿಕೇಟ್ ಹೆಚ್ಚಾಗಿ ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರಿನಲ್ಲಿರುತ್ತದೆ, ನೀವು ಕೊಟ್ಟಿರುವುದು ನಿಮ್ಮ ಡೊಮೇನ್ ಹೆಸರು. ಹೋಸ್ಟ್ ಜಾಗದಲ್ಲಿ ಸರ್ಟಿಫಿಕೇಟ್‌ನಲ್ಲಿರುವ ಹೆಸರನ್ನೇ ಬರೆದರೆ ತಕರಾರು ನಿಲ್ಲುತ್ತದೆ.

ಪಿಎಚ್‌ಪಿ ಇಲ್ಲದ ಕಡೆ ಈ ಮಾತೆಲ್ಲ ಅನ್ವಯಿಸದು. ಜಾವಾಸ್ಕ್ರಿಪ್ಟ್‌ನ ನೋಡ್ ಬಳಸುವವರಿಗೆ ನೋಡ್‌ಮೇಲರ್ ಇದೆ. ಪಿಎಚ್‌ಪಿಯಲ್ಲೇ ಲಾರಾವೆಲ್ ಎಂಬ ಚೌಕಟ್ಟು ಬಳಸುವವರಿಗೆ ಸಿಂಫನಿ ಮೇಲರ್ ಒಳಗೇ ಬಂದಿರುತ್ತದೆ. ಹಳೆಯ ಪಿಎಚ್‌ಪಿ ಲೈಬ್ರರಿ ಸ್ವಿಫ್ಟ್‌ಮೇಲರ್ 2021ರ ನವೆಂಬರ್‌ನಲ್ಲಿ ನಿಂತಿತು, ಹೊಸದಾಗಿ ಅದನ್ನು ಹಾಕಬೇಡಿ.

ಕೊನೆಯ ಪರೀಕ್ಷೆಯನ್ನು ನಿಮ್ಮ ಕಂಪ್ಯೂಟರಿನಿಂದಲ್ಲ, ನಿಜವಾದ ಹೋಸ್ಟಿಂಗ್‌ನಿಂದಲೇ ಮಾಡಿ. ಮೂರು ಸಲ ಫಾರ್ಮ್ ತುಂಬಿ: ಒಮ್ಮೆ ಪೂರ್ತಿ ಕನ್ನಡದಲ್ಲಿ, ಒತ್ತಕ್ಷರಗಳಿರುವ ಹೆಸರು ಮತ್ತು ಒಂದು ಇಮೋಜಿಯೊಂದಿಗೆ, ಒಮ್ಮೆ ಇಮೇಲ್ ಖಾಲಿ ಬಿಟ್ಟು ಫೋನ್ ಮಾತ್ರ ಕೊಟ್ಟು, ಒಮ್ಮೆ ಯಾಹೂ ವಿಳಾಸ ಕೊಟ್ಟು. ಮೂರೂ ಬಂದ ಮೇಲೆ ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು. ಆಮೇಲೆ ಪಾಸ್‌ವರ್ಡ್ ಅನ್ನು ಬೇಕೆಂದೇ ತಪ್ಪಾಗಿ ಬರೆದು ನಾಲ್ಕನೇ ಸಲ ಒತ್ತಿ. ಡೇಟಾಬೇಸ್‌ನಲ್ಲಿ ದಾಖಲೆ ಉಳಿದು, ಪಾಸ್‌ವರ್ಡ್ ಸರಿಮಾಡಿದ ಹತ್ತು ನಿಮಿಷದೊಳಗೆ ಆ ವಿಚಾರಣೆ ತಾನಾಗಿ ಇನ್‌ಬಾಕ್ಸ್‌ಗೆ ಬಂದರೆ ಸೈಟ್ ಅನ್ನು ಮಾಲೀಕರ ಕೈಗೆ ಒಪ್ಪಿಸಬಹುದು.